ಚುಕ್ಕಾಣಿಯಿಲ್ಲದೆ ಹಾರುವವರು



ಕಳೆದ ಚಳಿಗಾಲದಲ್ಲಿ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿಗೆ ಶಾಲಾ ಭೇಟಿಗೆಂದು ಹೋಗಿದ್ದೆ. ಆರನೇ ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆವು. ಖಾಲಿ ಪ್ಲಾಸ್ಟಿಕ್ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟೆವು. ಜೋತು ಬಿದ್ದಿದ್ದ ಬಲೂನು ಯಾರೂ ಊದದೆಯೇ ಮೆಲ್ಲಗೆ ಎದ್ದು ನಿಂತಿತು. ಬಿಸಿಯಾದ ಗಾಳಿ ಹಿಗ್ಗುತ್ತದೆ ಎಂಬುದನ್ನು ಮಕ್ಕಳೆಲ್ಲ ಕಣ್ಣಾರೆ ಕಂಡರು. ಆಮೇಲೆ ಮನುಷ್ಯರನ್ನು ಹೊತ್ತು ಹಾರುವ ದೊಡ್ಡ ಬಿಸಿಗಾಳಿ ಬಲೂನಿನ ಚಿತ್ರ ತೋರಿಸಿದೆ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು: "ಸರ್, ಇದಕ್ಕ ಸ್ಟೇರಿಂಗ್ ಎಲ್ಲಿ ಇರತೈತ್ರಿ?"

"ಸ್ಟೇರಿಂಗ್ ಇಲ್ಲಮ್ಮ. ಬ್ರೇಕೂ ಇಲ್ಲ. ಗಾಳಿ ಒಯ್ದ ಕಡೆ ಹೋಗಬೇಕು" ಎಂದೆ.

ಅವಳು ಸ್ವಲ್ಪ ಯೋಚಿಸಿ, "ಮತ್ತ ಅಂಥಾದ್ರಾಗ ಹತ್ತಾಕ ಅವರಿಗೆ ಅಂಜಿಕಿ ಆಗೂದಿಲ್ಲೇನ್ರಿ?" ಎಂದಳು.

ಬಹಳ ಒಳ್ಳೆಯ ಪ್ರಶ್ನೆ. ಅಂದು ಗಂಟೆ ಹೊಡೆದಿದ್ದರಿಂದ ಪೂರ್ತಿ ಉತ್ತರ ಹೇಳಲು ಆಗಲಿಲ್ಲ. ಆ ಉತ್ತರವನ್ನು ಈಗ ನಿಮಗೆಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಬಲೂನು ಏಕೆ ಮೇಲೇರುತ್ತದೆ?

ಗಾಳಿಗೂ ತೂಕವಿದೆ. ಸಮುದ್ರ ಮಟ್ಟದ ಬಳಿ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ನಿಮ್ಮ ತರಗತಿಯ ಕೋಣೆ 6 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ ಇದೆ ಎಂದುಕೊಳ್ಳಿ. ಅದರ ಗಾತ್ರ 108 ಘನ ಮೀಟರ್. ಅಂದರೆ ಅದರೊಳಗಿನ ಗಾಳಿಯ ತೂಕ ಸುಮಾರು 130 ಕಿಲೋಗ್ರಾಂ! ನಿಮ್ಮಂಥ ಮೂರ್ನಾಲ್ಕು ಮಕ್ಕಳ ತೂಕದಷ್ಟಾಯಿತು.

ಈಗ ಆ ಗಾಳಿಯನ್ನು 100 ಡಿಗ್ರಿವರೆಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಬಲೂನಿನ ಬಾಯಿ ಕೆಳಗಡೆ ತೆರೆದಿರುವುದರಿಂದ ಹಿಗ್ಗಿದ ಗಾಳಿಯಲ್ಲಿ ಒಂದು ಪಾಲು ಹೊರಗೆ ಹೋಗುತ್ತದೆ. ಒಳಗೆ ಉಳಿಯುವುದು ಒಂದು ಘನ ಮೀಟರಿಗೆ ಸುಮಾರು 0.95 ಕಿಲೋಗ್ರಾಂ ಮಾತ್ರ. ಹೊರಗಿನ ಗಾಳಿಗಿಂತ ಇದು ಕಾಲು ಕಿಲೋಗ್ರಾಂ ಹಗುರ. ಗಾಳಿ ತುಂಬಿದ ಚೆಂಡನ್ನು ನೀರಿನೊಳಗೆ ಒತ್ತಿ ಹಿಡಿದು ಕೈ ಬಿಟ್ಟರೆ ಏನಾಗುತ್ತದೆ? ಸುತ್ತಲಿನ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಹಾಗೆಯೇ ಸುತ್ತಲಿನ ತಣ್ಣನೆಯ ಭಾರವಾದ ಗಾಳಿ ಬಲೂನನ್ನು ಮೇಲಕ್ಕೆ ತಳ್ಳುತ್ತದೆ.

ಒಂದು ಘನ ಮೀಟರಿಗೆ ಸಿಗುವುದು ಕಾಲು ಕಿಲೋಗ್ರಾಂ ಎತ್ತುವ ಬಲ ಮಾತ್ರ. ಆದ್ದರಿಂದಲೇ ಬಲೂನು ಅಷ್ಟು ದೊಡ್ಡದಾಗಿರಬೇಕು. 2,800 ಘನ ಮೀಟರಿನ ಬಲೂನು ಸುಮಾರು 700 ಕಿಲೋಗ್ರಾಂ ಎತ್ತಬಲ್ಲದು. ಬಟ್ಟೆಯ ಚೀಲ, ಬೆತ್ತದ ಬುಟ್ಟಿ, ಬರ್ನರ್, ಗ್ಯಾಸ್ ಸಿಲಿಂಡರುಗಳು, ಅದರಲ್ಲಿ ನಿಂತ ಜನ, ಎಲ್ಲವೂ ಈ 700 ಕಿಲೋಗ್ರಾಮಿನ ಒಳಗೇ ಬರಬೇಕು.

ಮೊದಲು ಹತ್ತಿದ ವಿಜ್ಞಾನ ಶಿಕ್ಷಕ

ಫ್ರಾನ್ಸ್ ದೇಶದಲ್ಲಿ ಮಾಂಟ್‌ಗಾಲ್ಫಿಯರ್ ಎಂಬ ಅಣ್ಣತಮ್ಮಂದಿರಿದ್ದರು. ಅವರ ಮನೆತನಕ್ಕೆ ಕಾಗದದ ಕಾರ್ಖಾನೆ ಇತ್ತು. 1783ರ ಜೂನ್ 4ರಂದು ಅವರು ಬಟ್ಟೆ ಮತ್ತು ಕಾಗದದಿಂದ ಮಾಡಿದ ಬಲೂನನ್ನು ಜನರ ಎದುರು ಹಾರಿಸಿದರು. ಹೊಗೆಯಲ್ಲಿ ಯಾವುದೋ ವಿಶೇಷ ಅನಿಲವಿದೆ, ಅದೇ ಬಲೂನನ್ನು ಎತ್ತುತ್ತದೆ ಎಂದು ಅವರು ನಂಬಿದ್ದರು. ನಿಜವಾಗಿ ಎತ್ತಿದ್ದು ಬಿಸಿ ಎಂಬುದು ಆಮೇಲೆ ತಿಳಿಯಿತು. ಅದೇ ವರ್ಷ ಸೆಪ್ಟೆಂಬರ್ 19ರಂದು ಅವರು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಮೇಲೆ ಕಳಿಸಿದರು. ಮೂರೂ ಬದುಕಿ ಕೆಳಗಿಳಿದವು.

ಇನ್ನು ಮನುಷ್ಯರ ಸರದಿ. ಸತ್ತರೂ ಚಿಂತೆಯಿಲ್ಲವೆಂದು ಮರಣದಂಡನೆಗೆ ಗುರಿಯಾದ ಕೈದಿಗಳನ್ನು ಹತ್ತಿಸುವ ಮಾತು ಬಂದಿತ್ತು. ಆಗ ಪಿಲಾತ್ರ್ ದ ರೋಜಿಯೆ ಎಂಬ ಯುವಕ ತಾನೇ ಹೋಗುವುದಾಗಿ ಮುಂದೆ ಬಂದರು. ಅವರು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಕಲಿಸುತ್ತಿದ್ದ ಶಿಕ್ಷಕ. ಪ್ಯಾರಿಸ್ಸಿನಲ್ಲಿ ವಿಜ್ಞಾನದ ಸಂಗ್ರಹಾಲಯವೊಂದನ್ನು ತೆರೆದು ಜನರಿಗೆ ಪ್ರಯೋಗಗಳನ್ನು ತೋರಿಸುತ್ತಿದ್ದರು. ಮೊದಲು ಬಲೂನನ್ನು ಹಗ್ಗದಿಂದ ನೆಲಕ್ಕೆ ಕಟ್ಟಿ, ಸ್ವಲ್ಪ ಸ್ವಲ್ಪವೇ ಮೇಲೇರಿ ಅಭ್ಯಾಸ ಮಾಡಿದರು. 1783ರ ನವೆಂಬರ್ 21ರಂದು ಅವರೂ ಮಾರ್ಕಿ ದಾರ್ಲಾಂದ್ ಎಂಬುವರೂ ಹಗ್ಗವಿಲ್ಲದೆ ಪ್ಯಾರಿಸ್ ನಗರದ ಮೇಲೆ ಸುಮಾರು 25 ನಿಮಿಷ ಹಾರಿದರು. ಹುಲ್ಲು ಉರಿಸಿ ಗಾಳಿ ಕಾಯಿಸಬೇಕಿತ್ತು. ಕಿಡಿ ತಾಗಿ ಬಟ್ಟೆಯಲ್ಲಿ ತೂತು ಬಿದ್ದಾಗ ಒದ್ದೆ ಸ್ಪಂಜಿನಿಂದ ಆರಿಸಬೇಕಿತ್ತು!

ಈ ಶಿಕ್ಷಕರ ಕಥೆ ಇಲ್ಲಿಗೆ ಮುಗಿಯಲಿಲ್ಲ. ಫ್ರಾನ್ಸಿನಿಂದ ಸಮುದ್ರ ದಾಟಿ ಇಂಗ್ಲೆಂಡಿಗೆ ಹಾರಬೇಕೆಂಬ ಆಸೆ ಅವರದು. ಅದಕ್ಕಾಗಿ ಎರಡು ಭಾಗಗಳ ಬಲೂನು ಮಾಡಿದರು. ಮೇಲೆ ಹೈಡ್ರೋಜನ್ ಅನಿಲ, ಕೆಳಗೆ ಬಿಸಿಗಾಳಿ. ಹೈಡ್ರೋಜನ್ ತುಂಬಾ ಹಗುರ, ಆದರೆ ಬೆಂಕಿ ತಗುಲಿದರೆ ಭುಗ್ಗೆಂದು ಉರಿಯುವ ಅನಿಲ. 1785ರ ಜೂನ್ 15ರಂದು ಅವರು ಗೆಳೆಯರೊಬ್ಬರೊಂದಿಗೆ ಹೊರಟರು. ಗಾಳಿ ತಿರುಗಿ ಬಲೂನನ್ನು ದಡದ ಕಡೆಗೇ ತಳ್ಳಿತು. ಬಲೂನು ಆಕಾಶದಲ್ಲೇ ಹಾಳಾಗಿ ಕೆಳಗೆ ಬಿತ್ತು. ಇಬ್ಬರೂ ತೀರಿಕೊಂಡರು. ಆಗ ಆ ಶಿಕ್ಷಕರಿಗೆ 31 ವರ್ಷ.

ಅವರ ಹೆಸರನ್ನು ನೆನಪಿಡಿ. ಮುಂದೆ ಇನ್ನೊಮ್ಮೆ ಬರುತ್ತದೆ.

ಸ್ಟೇರಿಂಗ್ ಇಲ್ಲದೆ ನಡೆಸುವುದು ಹೇಗೆ?

ಇಂದಿನ ಬಲೂನುಗಳಲ್ಲಿ ಹುಲ್ಲು ಉರಿಸುವುದಿಲ್ಲ. 1960ರ ಅಕ್ಟೋಬರ್ 22ರಂದು ಅಮೆರಿಕದ ಎಡ್ ಯೋಸ್ಟ್ ಎಂಬುವರು ನೈಲಾನ್ ಬಟ್ಟೆಯ ಬಲೂನಿಗೆ ಪ್ರೊಪೇನ್ ಗ್ಯಾಸಿನ ಬರ್ನರ್ ಜೋಡಿಸಿ ಹಾರಿದರು. ಈಗಿನ ಬಿಸಿಗಾಳಿ ಬಲೂನುಗಳೆಲ್ಲ ಇದೇ ಮಾದರಿಯವು. ಬರ್ನರ್ ಉರಿಸಿದರೆ ಬಲೂನು ಮೇಲೇರುತ್ತದೆ. ನೆತ್ತಿಯಲ್ಲಿರುವ ಕಿಂಡಿಯನ್ನು ಹಗ್ಗ ಎಳೆದು ತೆರೆದರೆ ಬಿಸಿಗಾಳಿ ಹೊರಗೆ ಹೋಗಿ ಕೆಳಗಿಳಿಯುತ್ತದೆ. ಪೈಲಟ್ ಕೈಯಲ್ಲಿರುವುದು ಈ ಎರಡೇ: ಮೇಲೆ ಮತ್ತು ಕೆಳಗೆ.

ಹಾಗಾದರೆ ಎಡಕ್ಕೆ ಬಲಕ್ಕೆ ಹೋಗುವುದು ಹೇಗೆ? ಇದಕ್ಕೆ ಉತ್ತರ ನಮ್ಮೂರ ಆಕಾಶದಲ್ಲೇ ಇದೆ. ಆಷಾಢದಲ್ಲಿ ಗೋವಿನಜೋಳದ ಹೊಲದ ಬದುವಿನಲ್ಲಿ ನಿಂತು ಮೇಲೆ ನೋಡಿ. ಕೆಳಗಿನ ಕಪ್ಪು ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತಿರುತ್ತವೆ. ಮಧ್ಯೆ ಬಯಲು ಬಿಟ್ಟಾಗ, ಬಹಳ ಎತ್ತರದಲ್ಲಿ ಗರಿಯಂಥ ಬಿಳಿ ಮೋಡಗಳು ಕಂಡರೆ, ಅವು ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತಿರಬಹುದು. ಅಂದರೆ ಒಂದೇ ಹೊತ್ತಿನಲ್ಲಿ, ಒಂದೇ ಊರಿನ ಮೇಲೆ, ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುತ್ತದೆ!

ಪೈಲಟ್ ಮಾಡುವುದು ಇಷ್ಟೆ: ತನಗೆ ಬೇಕಾದ ದಿಕ್ಕಿಗೆ ಬೀಸುವ ಗಾಳಿ ಯಾವ ಎತ್ತರದಲ್ಲಿದೆ ಎಂದು ಹುಡುಕಿ, ಆ ಎತ್ತರಕ್ಕೆ ಏರುವುದು ಅಥವಾ ಇಳಿಯುವುದು. ಊರಿಗೆ ಹೋಗುವ ಬಸ್ಸು ಯಾವುದೆಂದು ಬೋರ್ಡು ಓದಿ ಹತ್ತುವಂತೆ ಅವರು ಗಾಳಿಯನ್ನು ಓದಿ ಹತ್ತುತ್ತಾರೆ. ನಸುಕಿನಲ್ಲಿಯೇ ಏಕೆ ಹಾರುತ್ತಾರೆ ಎಂಬುದೂ ಈಗ ನಿಮಗೆ ತಿಳಿಯುತ್ತದೆ. ಆಗ ಹೊರಗಿನ ಗಾಳಿ ತಣ್ಣಗಿರುತ್ತದೆ, ಆದ್ದರಿಂದ ಕಡಿಮೆ ಗ್ಯಾಸ್ ಸಾಕು. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಅಡ್ಡಾದಿಡ್ಡಿ ಏಳುತ್ತದೆ, ಆಗ ಹಾರುವುದು ಅಪಾಯ.

ನಿಮಗೆ ಗೊತ್ತೆ? ಹವಾಮಾನ ಇಲಾಖೆಯವರು ಬೆಂಗಳೂರು ಮತ್ತು ಮಂಗಳೂರಿನಿಂದ ಜನರಿಲ್ಲದ ಬಲೂನುಗಳನ್ನು ಹಾರಿಬಿಟ್ಟು ಮೇಲಿನ ಗಾಳಿಯ ಉಷ್ಣತೆ, ತೇವಾಂಶ, ವೇಗ ಮತ್ತು ದಿಕ್ಕನ್ನು ಅಳೆಯುತ್ತಾರೆ. 1939-40ರ ಚಳಿಗಾಲದಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಮಿಲಿಕನ್ ಮತ್ತು ಅವರ ಸಂಗಡಿಗರು ಬೆಂಗಳೂರಿನಿಂದ ಉಪಕರಣಗಳನ್ನು ಹೊತ್ತ ಬಲೂನುಗಳನ್ನು ಹಾರಿಸಿದ್ದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ಅಳೆಯುವುದು ಅವರ ಉದ್ದೇಶವಾಗಿತ್ತು.

ಮುಂಬಯಿಯಿಂದ 21 ಕಿಲೋಮೀಟರ್ ಮೇಲಕ್ಕೆ

ಈಗ ನಮ್ಮ ದೇಶದ ಒಬ್ಬ ಪೈಲಟ್ ವಿಷಯ. ವಿಜಯಪತ್ ಸಿಂಘಾನಿಯಾ ಬಟ್ಟೆ ಉದ್ಯಮಿ. ಆದರೆ ಅವರಿಗೆ ಹಾರಾಟದ ಹುಚ್ಚು. 1988ರಲ್ಲಿ ಮೈಕ್ರೋಲೈಟ್ ಎಂಬ ಪುಟ್ಟ ವಿಮಾನದಲ್ಲಿ ಒಬ್ಬರೇ ಇಂಗ್ಲೆಂಡಿನಿಂದ ಭಾರತಕ್ಕೆ 23 ದಿನಗಳಲ್ಲಿ ಬಂದಿದ್ದರು. 2005ರ ನವೆಂಬರ್ 26ರಂದು, ತಮ್ಮ 67ನೇ ವಯಸ್ಸಿನಲ್ಲಿ, ಮುಂಬಯಿಯ ಕುದುರೆ ಪಂದ್ಯದ ಮೈದಾನದಿಂದ ಬಿಸಿಗಾಳಿ ಬಲೂನಿನಲ್ಲಿ ಮೇಲೇರಿದರು. 21,027 ಮೀಟರ್ ಎತ್ತರ ತಲುಪಿ ವಿಶ್ವದಾಖಲೆ ಬರೆದರು. ಅದಕ್ಕೆ ಮುಂಚಿನ ದಾಖಲೆ ಪರ್ ಲಿಂಡ್‌ಸ್ಟ್ರಾಂಡ್ ಎಂಬುವರು 1988ರಲ್ಲಿ ಮಾಡಿದ್ದು, 19,811 ಮೀಟರ್.

ಪ್ರಯಾಣಿಕರ ವಿಮಾನಗಳು ಹಾರುವುದು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ. ಇವರು ಹೋದದ್ದು ಹೆಚ್ಚುಕಡಿಮೆ ಅದರ ಎರಡರಷ್ಟು! ಅಲ್ಲಿ ಗಾಳಿಯ ಸಾಂದ್ರತೆ ನೆಲದ ಮೇಲಿನದರ ಹದಿನಾರರಲ್ಲಿ ಒಂದು ಪಾಲು ಮಾತ್ರ. ಉಷ್ಣತೆ ಸೊನ್ನೆಗಿಂತ ಸುಮಾರು 60 ಡಿಗ್ರಿ ಕೆಳಗೆ. ತೆರೆದ ಬುಟ್ಟಿಯಲ್ಲಿ ನಿಂತವರು ಬದುಕಲಾರರು. ಆದ್ದರಿಂದ ಬುಟ್ಟಿಯ ಬದಲು ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ, ಪೂರ್ತಿ ಮುಚ್ಚಿದ ಲೋಹದ ಗೂಡಿನಲ್ಲಿ ಅವರು ಕುಳಿತಿದ್ದರು. ಅಂದೇ ನಾಶಿಕ್ ಜಿಲ್ಲೆಯ ಸಿನ್ನರ್ ತಾಲ್ಲೂಕಿನ ಪಂಚಾಳೆ ಎಂಬ ಹಳ್ಳಿಯ ಬಳಿ ಸುರಕ್ಷಿತವಾಗಿ ಇಳಿದರು. ಆ ಹಳ್ಳಿಯ ಮಕ್ಕಳಿಗೆ ಎಷ್ಟು ಬೆರಗಾಗಿರಬೇಕು, ಊಹಿಸಿ!

ರಾಕೆಟ್ ನೋಡಿದ ಹುಡುಗ

ಬರ್ಟ್ರಾಂಡ್ ಪಿಕಾರ್ ಸ್ವಿಟ್ಜರ್ಲೆಂಡಿನವರು. ಅವರ ಅಜ್ಜ ಆಗಸ್ಟ್ ಪಿಕಾರ್ 1931ರಲ್ಲಿ ಮುಚ್ಚಿದ ಗೂಡಿನಲ್ಲಿ ಕುಳಿತು ಹೈಡ್ರೋಜನ್ ಬಲೂನಿನಲ್ಲಿ 15 ಕಿಲೋಮೀಟರಿಗಿಂತ ಮೇಲೆ ಹೋಗಿ ಬಂದಿದ್ದರು. ಅಪ್ಪ ಜಾಕ್ ಪಿಕಾರ್ 1960ರಲ್ಲಿ ಸಮುದ್ರದ ಅತ್ಯಂತ ಆಳದ ಜಾಗಕ್ಕೆ ಇಳಿದವರು. ಬರ್ಟ್ರಾಂಡ್ ಹುಡುಗನಾಗಿದ್ದಾಗ ಈ ಕುಟುಂಬ ಕೆಲಕಾಲ ಅಮೆರಿಕದ ಫ್ಲಾರಿಡಾದಲ್ಲಿತ್ತು. 1969ರ ಜುಲೈನಲ್ಲಿ ಚಂದ್ರನ ಕಡೆಗೆ ಹೊರಟ ಅಪೊಲೊ-11 ರಾಕೆಟ್ಟನ್ನು ಅವನು ಅಲ್ಲಿ ನಿಂತು ನೋಡಿದ. ಆಗ ಅವನಿಗೆ 11 ವರ್ಷ, ನಿಮ್ಮ ವಯಸ್ಸೇ. ಹಾರುವ ಆಸೆ ಮನಸ್ಸಿನಲ್ಲಿ ನಿಂತುಬಿಟ್ಟಿತು. ಹದಿನಾರನೇ ವಯಸ್ಸಿನಲ್ಲಿ ಹ್ಯಾಂಗ್‌ಗ್ಲೈಡರ್ ಹಾರಿಸಲು ಕಲಿತ. ಮುಂದೆ ಮನೋವೈದ್ಯರಾದರೂ ಹಾರುವುದನ್ನು ಬಿಡಲಿಲ್ಲ.

ಬಲೂನಿನಲ್ಲಿ ಎಲ್ಲೂ ಇಳಿಯದೆ ಭೂಮಿಯನ್ನು ಸುತ್ತಬೇಕೆಂದು ಅವರು ಹೊರಟರು. 1997ರಲ್ಲಿ ಇಂಧನ ಸೋರಿ ಸಮುದ್ರದಲ್ಲಿ ಇಳಿಯಬೇಕಾಯಿತು. 1998ರಲ್ಲಿ ಮ್ಯಾನ್ಮಾರ್‌ವರೆಗೆ ಬಂದು ನಿಲ್ಲಬೇಕಾಯಿತು. 1999ರ ಮಾರ್ಚ್ 1ರಂದು ಬ್ರಯನ್ ಜೋನ್ಸ್ ಅವರೊಂದಿಗೆ ಮೂರನೇ ಸಲ ಹೊರಟರು. ಭಾರತದ ಆಕಾಶವನ್ನೂ ದಾಟಿ, 19 ದಿನಗಳಿಗೂ ಹೆಚ್ಚು ಕಾಲ ಹಾರಿ, ಭೂಮಿಯನ್ನು ಒಂದು ಸುತ್ತು ಹಾಕಿ ಮಾರ್ಚ್ 21ರಂದು ಈಜಿಪ್ಟಿನ ಮರಳುಗಾಡಿನಲ್ಲಿ ಇಳಿದರು. ಯಾವ ಎತ್ತರದಲ್ಲಿ ಯಾವ ಗಾಳಿಯಿದೆ ಎಂದು ನೆಲದ ಮೇಲಿದ್ದ ಹವಾಮಾನ ತಜ್ಞರು ದಿನವೂ ಹೇಳುತ್ತಿದ್ದರು.

ಅವರ ಬಲೂನಿನಲ್ಲಿಯೂ ಎರಡು ಭಾಗಗಳಿದ್ದವು: ಬಿಸಿಗಾಳಿ ಮತ್ತು ಹಗುರ ಅನಿಲ. ಆದರೆ ಹೈಡ್ರೋಜನ್ ಬದಲು ಬೆಂಕಿ ಹತ್ತದ ಹೀಲಿಯಂ ಇತ್ತು. ಇಂಥ ಬಲೂನಿಗೆ 'ರೋಜಿಯೆ ಬಲೂನು' ಎಂದೇ ಹೆಸರು. 1785ರಲ್ಲಿ ಪ್ರಾಣ ಕಳೆದುಕೊಂಡ ಆ ವಿಜ್ಞಾನ ಶಿಕ್ಷಕರ ಹೆಸರು ಅದು. ಅವರ ಯೋಚನೆಯಲ್ಲಿದ್ದ ತಪ್ಪನ್ನು ತಿದ್ದಿದ ಮೇಲೆ ಅದೇ ಯೋಚನೆ ಭೂಮಿಯನ್ನೇ ಸುತ್ತಿ ಬಂತು.

ಅಂಜಿಕೆ ಆಗುವುದಿಲ್ಲವೆ?

ಬಲೂನು ಗಾಳಿಯ ಜೊತೆಗೇ ಸಾಗುವುದರಿಂದ ಬುಟ್ಟಿಯಲ್ಲಿ ನಿಂತವರ ಮುಖಕ್ಕೆ ಗಾಳಿ ಬಡಿಯುವುದಿಲ್ಲ. ಬರ್ನರ್ ಆರಿಸಿದರೆ ಎಲ್ಲ ನಿಶ್ಶಬ್ದ. ಕೆಳಗಿನ ಊರಿನ ನಾಯಿ ಬೊಗಳುವುದು, ಕೋಳಿ ಕೂಗುವುದು ಕೂಡ ಮೇಲೆ ಕೇಳಿಸುತ್ತದೆ. ಇದನ್ನು ಒಮ್ಮೆ ಕಂಡವರಿಗೆ ಮತ್ತೆ ಹಾರುವ ಆಸೆ ಆಗುತ್ತದೆ.

ಅಂಜಿಕೆಯೂ ಇರುತ್ತದೆ. ಇರಲೇಬೇಕು. ಅಂಜಿಕೆ ಇರುವುದರಿಂದಲೇ ಹಾರುವ ಮುನ್ನ ಗಾಳಿ ನೋಡುತ್ತಾರೆ, ಹಗ್ಗ ಹೊಲಿಗೆ ಪರೀಕ್ಷಿಸುತ್ತಾರೆ, ಗಾಳಿ ಜೋರಾಗಿದ್ದರೆ ಅಂದು ಹಾರದೆ ಮನೆಗೆ ಹೋಗುತ್ತಾರೆ. ನಮ್ಮ ದೇಶದಲ್ಲಿ ಬಲೂನು ಹಾರಿಸಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಲೈಸೆನ್ಸ್ ಬೇಕು. ಅದಕ್ಕೆ ಪರೀಕ್ಷೆ ಬರೆಯಬೇಕು, ಗುರುಗಳ ಜೊತೆ ಹಾರಿ ಕಲಿಯಬೇಕು. ಗಾಳಿ, ಉಷ್ಣತೆ, ಒತ್ತಡ, ನಕ್ಷೆ ಓದುವುದು, ಎಲ್ಲದರ ಮೊದಲ ಪಾಠ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಹುಡುಗಿಯರೂ ಕೇಳಿಸಿಕೊಳ್ಳಿ: ಎಲಿಜಬೆತ್ ತೀಬ್ಲ್ ಎಂಬ ಮಹಿಳೆ 1784ರಲ್ಲೇ ಬಲೂನು ಹತ್ತಿ ಹಾರಿದ್ದರು.

ಒಂದು ಎಚ್ಚರಿಕೆ. ಕಾಗದದ ಬಲೂನಿಗೆ ಬತ್ತಿ ಹಚ್ಚಿ ಆಕಾಶಕ್ಕೆ ಬಿಡುವ ಆಟವನ್ನು ಎಂದೂ ಆಡಬೇಡಿ. ಅದು ಎಲ್ಲಿ ಇಳಿಯುತ್ತದೆಂದು ಬಿಟ್ಟವರಿಗೇ ಗೊತ್ತಿರುವುದಿಲ್ಲ. ಯಾರದೋ ಮೇವಿನ ಬಣವೆಯ ಮೇಲೆ ಬಿದ್ದರೆ ಅವರ ದನಗಳ ವರ್ಷದ ಮೇವು ಅರ್ಧ ಗಂಟೆಯಲ್ಲಿ ಬೂದಿಯಾಗುತ್ತದೆ.

ಮಾಡಿ ನೋಡಿ

ಬಯಲಿನಲ್ಲಿ ಒಂದು ಉದ್ದ ಕೋಲು ನೆಟ್ಟು ತುದಿಗೆ ತೆಳು ಬಟ್ಟೆಯ ಪಟ್ಟಿ ಕಟ್ಟಿ. ಒಂದು ವಾರ, ದಿನವೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ನೋಟುಪುಸ್ತಕದಲ್ಲಿ ಬರೆಯಿರಿ. ಮೋಡಗಳು ಯಾವ ಕಡೆ ಹೋಗುತ್ತಿವೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಸೂರ್ಯನನ್ನು ನೇರವಾಗಿ ನೋಡಬೇಡಿ.

ಯೋಚಿಸಿ ಉತ್ತರಿಸಿ

1. ನಿಮ್ಮ ತರಗತಿಯ ಕೋಣೆಯನ್ನು ಅಳೆದು, ಅದರೊಳಗಿನ ಗಾಳಿಯ ತೂಕ ಲೆಕ್ಕ ಹಾಕಿ.
2. ಬಲೂನಿನ ಬಾಯಿ ಕೆಳಗಡೆ ತೆರೆದಿರುವುದು ಏಕೆ?
3. ನಸುಕಿನಲ್ಲಿ ಹಾರುವುದರಿಂದ ಆಗುವ ಎರಡು ಅನುಕೂಲಗಳಾವುವು?
4. ನಿಮ್ಮ ಗಾಳಿಯ ಪಟ್ಟಿಯ ಪ್ರಕಾರ, ಇಂದು ಬೆಳಿಗ್ಗೆ ನಿಮ್ಮ ಶಾಲೆಯಿಂದ ಬಲೂನು ಹೊರಟಿದ್ದರೆ ಯಾವ ಊರಿನ ಕಡೆ ಹೋಗುತ್ತಿತ್ತು?

ಚಿಕ್ಕೇರೂರಿನ ಆ ಹುಡುಗಿ ನಾಲ್ಕನೇ ಪ್ರಶ್ನೆಗೆ ಏನು ಬರೆಯುತ್ತಾಳೋ ಎಂದು ನಾನು ಕಾಯುತ್ತಿದ್ದೇನೆ. ನೀವೂ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.