ಬೇಳೆಯ ಅಳತೆ: ವಾಟಿಯಿಂದ ಗ್ರಾಂಗೆ



ನಿಮ್ಮ ಪಥ್ಯದ ಚೀಟಿಯಲ್ಲಿ ‘ಬೇಳೆ 30 ಗ್ರಾಂ’ ಎಂದು ಬರೆದಿರುತ್ತದೆ. ಆದರೆ ಮನೆಯಲ್ಲಿ ಬೇಳೆಯನ್ನು ಯಾರೂ ತೂಗಿ ಹಾಕುವುದಿಲ್ಲ. ವಾಟಿ, ಗ್ಲಾಸು ಅಥವಾ ಹಿಡಿಯಿಂದಲೇ ಅಳತೆ. ಇಲ್ಲಿಯೇ ತಪ್ಪಾಗುವುದು.

ಕಿಡ್ನಿ ತೊಂದರೆ ಇದ್ದ ಒಬ್ಬ ಹಿರಿಯರ ಮನೆಯವರಿಗೆ ನಾನು “ದಿನಕ್ಕೆ ಒಂದು ವಾಟಿ ಬೇಳೆ ಸಾಕು” ಎಂದು ಹೇಳಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಬೇಯಿಸಿದ ಬೇಳೆ. ಮುಂದಿನ ಸಲ ಬಂದಾಗ ಅವರ ಸೊಸೆ, “ಸಿಸ್ಟರ್, ನೀವು ಹೇಳಿದಂಗ ದಿನಾ ಒಂದು ವಾಟಿ ಬ್ಯಾಳಿ ಅವ್ರಿಗಂತ ಬ್ಯಾರೆನ ಬೇಸ್ತೀನ್ರಿ” ಎಂದರು. ಅದು ಒಣ ಬೇಳೆ! ಬೇಕಾದ್ದಕ್ಕಿಂತ ಸುಮಾರು ನಾಲ್ಕು ಪಟ್ಟು. ತಪ್ಪು ಅವರದಲ್ಲ, ಒಣ ಬೇಳೆಯೋ ಬೇಯಿಸಿದ್ದೋ ಎಂದು ಬಿಡಿಸಿ ಹೇಳದ ನನ್ನದು. ಆ ದಿನದಿಂದ ಈ ಪಾಠವನ್ನು ಎಲ್ಲರಿಗೂ ಹೇಳುತ್ತಿದ್ದೇನೆ.

ತೂಕ ಏಕೆ ಮುಖ್ಯ?

30 ಗ್ರಾಂ ಒಣ ತೊಗರಿಬೇಳೆಯಿಂದ ದೇಹಕ್ಕೆ 6ರಿಂದ 7 ಗ್ರಾಂ ಪ್ರೋಟೀನ್, ಸುಮಾರು 100 ಕ್ಯಾಲೊರಿ ಸಿಗುತ್ತದೆ. ಬೇಯಿಸಿದಾಗ ಬೇಳೆ ನೀರು ಹೀರಿ ತೂಕ ಹೆಚ್ಚುತ್ತದೆ, ಪ್ರೋಟೀನ್ ಹೆಚ್ಚುವುದಿಲ್ಲ. ಒಬ್ಬರ ಸಾರು ತೆಳುವು, ಇನ್ನೊಬ್ಬರ ಬೇಳೆ ಗಟ್ಟಿ. ಆದ್ದರಿಂದ ಅಳತೆ ಯಾವಾಗಲೂ ಒಣ ಬೇಳೆಯದೇ ಆಗಿರಬೇಕು. ರಾತ್ರಿ ನೆನೆಸಿದ ಕಡಲೆ, ಹೆಸರುಕಾಳು ಸುಮಾರು ಎರಡರಷ್ಟು ತೂಗುತ್ತವೆ. ಅವನ್ನೂ ನೆನೆಸುವ ಮೊದಲೇ ಅಳೆಯಿರಿ.

ನಿಮ್ಮ ವಾಟಿಯನ್ನು ತಿಳಿಯುವ ವಿಧಾನ

ಇದಕ್ಕೆ ತಕ್ಕಡಿ ಬೇಡ. ಒಂದು ಸಲ ಮಾಡಿದರೆ ಸಾಕು.

1. ಕಿರಾಣಿ ಅಂಗಡಿಯಿಂದ ಅರ್ಧ ಕಿಲೋ ಬೇಳೆ ತನ್ನಿ. ಅದು 500 ಗ್ರಾಂ.
2. ಮನೆಯ ಒಂದು ವಾಟಿಯನ್ನು ಆರಿಸಿಕೊಳ್ಳಿ. ಬೇಳೆ ತುಂಬಿ, ಒತ್ತದೆ, ಬೆರಳಿನಿಂದ ಮೇಲೆ ಸಮ ಮಾಡಿ. ಗೋಪುರ ಮಾಡಬೇಡಿ.
3. ಅರ್ಧ ಕಿಲೋ ಎಷ್ಟು ವಾಟಿ ಆಯಿತೆಂದು ಎಣಿಸಿ. 500ನ್ನು ಆ ಸಂಖ್ಯೆಯಿಂದ ಭಾಗಿಸಿ. ನಾಲ್ಕು ವಾಟಿಯಾದರೆ ಒಂದು ವಾಟಿಗೆ 125 ಗ್ರಾಂ, ಐದಾದರೆ 100 ಗ್ರಾಂ.
4. ಈಗ ಒಂದು ದೊಡ್ಡ ಚಮಚದಿಂದ ಆ ವಾಟಿಯನ್ನು ತುಂಬಿ. ಚಮಚದ ಮೇಲೂ ಸಮ ಮಾಡಿ. 125 ಗ್ರಾಂ ವಾಟಿಗೆ 10 ಚಮಚ ಹಿಡಿದರೆ ಒಂದು ಚಮಚಕ್ಕೆ ಹನ್ನೆರಡೂವರೆ ಗ್ರಾಂ. 30 ಗ್ರಾಂ ಎಂದರೆ ಸುಮಾರು ಎರಡೂವರೆ ಚಮಚ.

ಆ ವಾಟಿ, ಆ ಚಮಚವನ್ನು ಬೇಳೆ ಡಬ್ಬಿಯಲ್ಲಿಯೇ ಇಡಿ. ಲೆಕ್ಕವನ್ನು ಡಬ್ಬಿಯ ಮೇಲೆ ಬರೆದು ಅಂಟಿಸಿ. ಅಡುಗೆ ಯಾರೇ ಮಾಡಲಿ, ಅಳತೆ ಬದಲಾಗುವುದಿಲ್ಲ.

ಗಮನಿಸಿ

• ತೊಗರಿ, ಕಡಲೆ, ಹೆಸರು ಬೇಳೆಗಳು 100 ಮಿ.ಲೀ. ಅಳತೆಗೆ ಸುಮಾರು 80 ಗ್ರಾಂ ತೂಗುತ್ತವೆ. ಒಂದೇ ವಾಟಿ ಮೂರಕ್ಕೂ ನಡೆಯುತ್ತದೆ. ಆದರೆ ಕಡಲೆಹಿಟ್ಟು ಹಗುರ. ಝುಣಕಕ್ಕೆ ಈ ಲೆಕ್ಕ ಹಿಡಿಯಬೇಡಿ, ಹಿಟ್ಟನ್ನು ಬೇರೆಯಾಗಿ ಅಳೆಯಿರಿ.
• ಪುಂಡಿಪಲ್ಯಕ್ಕೆ ಹಾಕಿದ ಬೇಳೆಯೂ ದಿನದ ಲೆಕ್ಕಕ್ಕೆ ಸೇರುತ್ತದೆ.
• ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಗಟ್ಟಿ ಬೇಳೆ ತಳಕ್ಕೆ ಕೂಡುತ್ತದೆ. ಚೆನ್ನಾಗಿ ಕಲಕಿ, ಎಲ್ಲರಿಗೂ ಸಮನಾಗಿ ಸೌಟಿನಿಂದ ಬಡಿಸಿ.
• ಹಳೆಯ ಸೇರು, ಪಾವಿನ ಲೆಕ್ಕ ಬೇಡ. ತೂಕದ ಸೇರು ಸುಮಾರು 933 ಗ್ರಾಂ ಇತ್ತು. ಅಳೆಯುವ ಸೇರು ಊರಿಂದ ಊರಿಗೆ ಬೇರೆ ಬೇರೆ. 1956ರ ಕಾಯ್ದೆಯ ನಂತರ ದೇಶಕ್ಕೆಲ್ಲ ಗ್ರಾಂ, ಕಿಲೋ ಬಂದದ್ದು ಇಂಥ ಗೊಂದಲ ತಪ್ಪಿಸಲಿಕ್ಕೇ.

ಕೊನೆಯ ಮಾತು

ಲಿಂಗಸುಗೂರು, ಮಸ್ಕಿ ಕಡೆ ತೊಗರಿ, ಕಡಲೆ ನಮ್ಮ ಹೊಲದಲ್ಲಿಯೇ ಬೆಳೆಯುತ್ತವೆ. ಸಿಂಧನೂರಿನ ಅನ್ನಕ್ಕೂ ಬೇಳೆಸಾರು ಬೇಕೇ ಬೇಕು. ಬೇಳೆಗೆ ಹೆದರಬೇಡಿ. ಕಿಡ್ನಿ ರೋಗಿಗೆ ಹೆಚ್ಚಾದರೆ ತೊಂದರೆ. ಕ್ಷಯದ ರೋಗಿಗೆ, ಬಾಣಂತಿಗೆ, ಆಪರೇಷನ್ ಆದವರಿಗೆ ಕಡಿಮೆಯಾದರೆ ತೊಂದರೆ. ಡಯಾಲಿಸಿಸ್ ಆರಂಭವಾದರೆ ಪ್ರಮಾಣ ಮತ್ತೆ ಬದಲಾಗುತ್ತದೆ. ಎಷ್ಟು ಗ್ರಾಂ ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಿರಿ, ಪಕ್ಕದ ಹಾಸಿಗೆಯವರ ಚೀಟಿ ನೋಡಿ ಅಲ್ಲ.

ಮುಂದಿನ ಸಲ ಬರುವಾಗ ನಿಮ್ಮ ವಾಟಿಯನ್ನೂ ತನ್ನಿ. ಕೂಡಿ ಲೆಕ್ಕ ಮಾಡೋಣ.