ಪರದೆ ಕಪ್ಪಗಿದ್ದರೂ ಬೋರ್ಡು ಜೀವಂತ

ಆಸೆಪಟ್ಟು ತರಿಸಿಕೊಂಡ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಮಗು ಟಿವಿಗೆ ಜೋಡಿಸಿದೆ. ಪರದೆ ಕಪ್ಪಗೇ ಇದೆ. ‘ಏನು ಮಾಡಿ ಹಾಳು ಮಾಡಿದೆ?’ ಎಂದು ಕೇಳುವ ಮೊದಲು ಬೋರ್ಡಿನ ಮೂಲೆಯನ್ನೊಮ್ಮೆ ನೋಡಿ. ಪೈ 4 ಮಾದರಿಯಲ್ಲಿ ಅಲ್ಲಿ ಎರಡು ಪುಟ್ಟ ದೀಪಗಳಿವೆ. ಕೆಂಪು ದೀಪ ಉರಿಯುತ್ತಿದ್ದರೆ ಕರೆಂಟು ಬಂದಿದೆ. ಹಸಿರು ದೀಪ ಒಂದು ಲಯವಿಲ್ಲದೆ ಮಿನುಗುತ್ತಿದ್ದರೆ ಬೋರ್ಡು ಮೆಮೊರಿ ಕಾರ್ಡನ್ನು ಓದುತ್ತಿದೆ. ಅಷ್ಟು ಕಂಡರೆ ನಿಶ್ಚಿಂತೆಯಿಂದಿರಿ, ಏನೂ ಸುಟ್ಟಿಲ್ಲ. ಬೋರ್ಡಿಗೂ ಪರದೆಗೂ ಪರಿಚಯವಾಗಿಲ್ಲ, ಅಷ್ಟೆ.

ಪರಿಚಯ ಎಂದು ಸುಮ್ಮನೆ ಹೇಳಲಿಲ್ಲ. ಎಚ್‌ಡಿಎಂಐ ಕೇಬಲ್ ಸೇರಿದಾಗ ಪರದೆ ತನ್ನ ವಿವರಗಳನ್ನು ಬೋರ್ಡಿಗೆ ಕಳಿಸುತ್ತದೆ: ನನ್ನ ಅಗಲ ಇಷ್ಟು, ಎತ್ತರ ಇಷ್ಟು, ಸೆಕೆಂಡಿಗೆ ಇಷ್ಟು ಚಿತ್ರ ತೋರಿಸಬಲ್ಲೆ, ನನ್ನಲ್ಲಿ ಸ್ಪೀಕರ್ ಇದೆ. ಬೋರ್ಡು ಅದನ್ನು ಓದಿ ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಿಕೊಳ್ಳುತ್ತದೆ. ಬೋರ್ಡು ಶುರುವಾಗುವ ಹೊತ್ತಿಗೆ ಟಿವಿ ಆಫ್ ಆಗಿದ್ದರೆ ಈ ವಿವರ ಸಿಗದೆ ಹೋಗಬಹುದು. ಅದಕ್ಕೇ ಮೊದಲು ಟಿವಿ ಹಾಕಿ, ಸರಿಯಾದ ಇನ್‌ಪುಟ್ ಆರಿಸಿ, ಕೊನೆಗೆ ಬೋರ್ಡಿಗೆ ಪವರ್ ಕೊಡಲು ಹೇಳಿ.

ಪೈ 4ರಲ್ಲಿ ಮೈಕ್ರೋ ಎಚ್‌ಡಿಎಂಐ ಕಿಂಡಿಗಳು ಎರಡಿವೆ. ಪವರ್ ಕೊಡುವ ಕಿಂಡಿಯ ಪಕ್ಕದಲ್ಲಿರುವುದೇ ಮೊದಲನೆಯದು. ಒಂದೇ ಪರದೆ ಇದ್ದರೆ ಅದಕ್ಕೇ ಜೋಡಿಸಿ. ಪ್ಲಗ್ ಪೂರ್ತಿ ಒಳಗೆ ಕೂತಿದೆಯೇ ಎಂದು ಬೆಳಕಿನಲ್ಲಿ ಹಿಡಿದು ನೋಡಿ. ಬೋರ್ಡಿಗೆ ಹಾಕಿದ ಪ್ಲಾಸ್ಟಿಕ್ ಡಬ್ಬಿಯ ಅಂಚು ಅಡ್ಡ ಬಂದು, ಕೂದಲೆಳೆಯಷ್ಟು ಹೊರಗೆ ಉಳಿದಿದ್ದರೂ ಚಿತ್ರ ಬರುವುದಿಲ್ಲ. ಕಿಂಡಿ ಬಲು ನಾಜೂಕು. ದಪ್ಪ ಕೇಬಲ್ಲಿನ ಭಾರ ಅದರ ಮೇಲೆ ಜೋತುಬೀಳದಿರಲಿ.

ಇನ್ನು ಚಾರ್ಜರು. ಬಹಳಷ್ಟು ಪೋಷಕರು ಎಡವುವುದು ಇಲ್ಲಿಯೇ. ‘ಮನೆಯಲ್ಲಿ 65 ವಾಟ್‌ನ ಫೋನ್ ಚಾರ್ಜರ್ ಇದೆಯಲ್ಲ, ಸಾಲದೇ?’ ಎನ್ನುತ್ತಾರೆ. ಆ 65 ವಾಟ್ ಸಿಗುವುದು ಅದಕ್ಕೊಪ್ಪುವ ಫೋನಿಗೆ. ಪೈ 4ಕ್ಕೆ ಬೇಕಿರುವುದು 5 ವೋಲ್ಟಿನಲ್ಲಿ 3 ಆಂಪಿಯರ್. 2023ರಲ್ಲಿ ಬಂದ ಪೈ 5ಕ್ಕೆ ಅದೇ 5 ವೋಲ್ಟಿನಲ್ಲಿ 5 ಆಂಪಿಯರ್. ಚಾರ್ಜರಿನ ಬೆನ್ನಿನ ಸಣ್ಣಕ್ಷರದಲ್ಲಿ 5 ವೋಲ್ಟಿನ ಮುಂದೆ ಎಷ್ಟಿದೆ ಎಂದು ಮಗುವಿನಿಂದಲೇ ಓದಿಸಿ. ಪರದೆಯ ಮೇಲ್ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದು ಹೋಗುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ಬೋರ್ಡಿಗೆಂದೇ ಮಾಡಿದ ಅಡಾಪ್ಟರಿಗೆ ಹಣ ಹಾಕಿ. ಅದರಲ್ಲಿ ಉಳಿತಾಯ ಬೇಡ.

ಚಿತ್ರ ಬಂತು, ಆದರೆ ಮೌಸಿನ ಬಾಣ ಜೇನುತುಪ್ಪದಲ್ಲಿ ಸಿಕ್ಕಿಕೊಂಡಂತೆ ಎಳೆಯುತ್ತದೆ. 4ಕೆ ಟಿವಿಗೆ ಜೋಡಿಸಿದ ಪೈ 4ರಲ್ಲಿ ಇದು ಸಾಮಾನ್ಯ. 3840×2160 ಚುಕ್ಕಿಗಳ ಚಿತ್ರವನ್ನು ಅದು ತಾನಾಗಿ ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ. 60 ಸಲ ಬೇಕೆಂದರೆ ಮೊದಲ ಕಿಂಡಿಯನ್ನೇ ಬಳಸಬೇಕು, ಸೆಟ್ಟಿಂಗಿನಲ್ಲಿ ಅದಕ್ಕೆ ಅನುಮತಿ ಕೊಡಬೇಕು, ಕೇಬಲ್ಲೂ ಆ ವೇಗ ತಾಳುವಂಥದ್ದಾಗಿರಬೇಕು. ಬೋರ್ಡು ಆಗ ಇನ್ನಷ್ಟು ಬಿಸಿಯಾಗುತ್ತದೆ. ಕೋಡಿಂಗ್ ಕಲಿಯುವ ಮಗುವಿಗೆ ಇಷ್ಟೆಲ್ಲ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 1920×1080ಕ್ಕೆ ಇಳಿಸಿಬಿಡಿ. ಚುಕ್ಕಿಗಳು ನಾಲ್ಕರಲ್ಲೊಂದು ಪಾಲಾಗುತ್ತವೆ, ಬಾಣ ಸರಾಗವಾಗಿ ಓಡುತ್ತದೆ, ಅಕ್ಷರಗಳು ಕಣ್ಣಿಗೆ ಹಿತವಾಗುವಷ್ಟು ದೊಡ್ಡವಾಗುತ್ತವೆ.

ಸೆಟ್ಟಿಂಗ್ ಬದಲಿಸುವಾಗ ಪರದೆ ಮತ್ತೆ ಕಪ್ಪಾದೀತು. ಬೋರ್ಡಿನ ಸೆಟ್ಟಿಂಗುಗಳಿರುವ ಕಾನ್ಫಿಗ್ ಫೈಲಿನಲ್ಲಿ ಮಗು ಏನೋ ಬರೆದು ಹೀಗಾಗಿದ್ದರೆ, ಪವರ್ ತೆಗೆದು ಮೆಮೊರಿ ಕಾರ್ಡನ್ನು ಮನೆಯ ಲ್ಯಾಪ್‌ಟಾಪಿಗೆ ಹಾಕಿ. ಬೂಟ್ ಎಂಬ ಭಾಗದಲ್ಲಿ ಆ ಫೈಲು ಸಿಗುತ್ತದೆ. ಬದಲಿಸಿದ ಸಾಲಿನ ಮುಂದೆ # ಚಿಹ್ನೆ ಹಾಕಿದರೆ ಆ ಸಾಲು ಲೆಕ್ಕಕ್ಕಿಲ್ಲ. ಒಂದು ಎಚ್ಚರಿಕೆ: ಕಾರ್ಡಿನ ಇನ್ನೊಂದು ಭಾಗ ವಿಂಡೋಸ್‌ಗೆ ಅರ್ಥವಾಗದೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದು. ಬೇಡ ಎನ್ನಿ. ಹೂಂ ಎಂದರೆ ಮಗು ಬರೆದ ಪ್ರೋಗ್ರಾಮುಗಳೆಲ್ಲ ಅಳಿಸಿಹೋಗುತ್ತವೆ. ಯಾವ ದಿನ ಯಾವ ಸಾಲು ಬದಲಿಸಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ರೂಢಿಯನ್ನು ಈಗಲೇ ಮಾಡಿಸಿ.

ಧ್ವನಿ ಕೇಳದಿದ್ದರೆ ಬಹುಪಾಲು ಅದು ಬೇರೆ ದಾರಿ ಹಿಡಿದಿರುತ್ತದೆ. ಪೈ 4ರಲ್ಲಿ ಎರಡು ಎಚ್‌ಡಿಎಂಐ, ಒಂದು ಹೆಡ್‌ಫೋನ್ ಕಿಂಡಿ, ಹೀಗೆ ಮೂರು ದಾರಿಗಳು. ಪರದೆಯ ಮೂಲೆಯ ಸ್ಪೀಕರ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಆರಿಸಿಕೊಳ್ಳುವ ಪಟ್ಟಿ ಬರುತ್ತದೆ. ಪೈ 5ರಲ್ಲಿ ಹೆಡ್‌ಫೋನ್ ಕಿಂಡಿಯೇ ಇಲ್ಲ. ಅದನ್ನು ಹುಡುಕುತ್ತ ಮಗು ಕಂಗಾಲಾಗುವುದು ಬೇಡ. ಎಷ್ಟೋ ಮಾನಿಟರುಗಳಲ್ಲಿ ಸ್ಪೀಕರ್ ಇರುವುದಿಲ್ಲ, ಆದರೆ ಬೆನ್ನ ಮೇಲೊಂದು ಹೆಡ್‌ಫೋನ್ ಕಿಂಡಿ ಇರುತ್ತದೆ. ಎಚ್‌ಡಿಎಂಐಯಲ್ಲಿ ಬಂದ ಧ್ವನಿ ಅಲ್ಲಿ ಸಿಗುತ್ತದೆ.

ದಾರಿ ಸರಿಮಾಡಿದ ಮೇಲೆ ಟರ್ಮಿನಲ್ ತೆರೆದು ಸ್ಪೀಕರ್ ಪರೀಕ್ಷೆಯ ಆದೇಶವನ್ನು ಮಗುವೇ ಟೈಪು ಮಾಡಲಿ. ನೀವು ಪಕ್ಕದಲ್ಲಿ ಕೂತಿರಿ. ಎಡಗಡೆಯಿಂದ ‘ಫ್ರಂಟ್ ಲೆಫ್ಟ್’, ಬಲಗಡೆಯಿಂದ ‘ಫ್ರಂಟ್ ರೈಟ್’ ಎಂಬ ದನಿ ಒಂದಾದ ಮೇಲೊಂದು ಕೇಳಿಸುತ್ತದೆ.