ಗಣಕಯಂತ್ರದ ದಿನಚರಿ: ತಂತ್ರಾಂಶದ ಸಂದೇಶಗಳೂ ಅವುಗಳ ತೀವ್ರತೆಯ ದರ್ಜೆಗಳೂ

ಮುಂಬಯಿಯ ಸಾಂತಾಕ್ರೂಜ್‌ನಲ್ಲಿ, ವಿಮಾನ ನಿಲ್ದಾಣದ ಬಳಿ, ಭಾರತ ಹವಾಮಾನ ಇಲಾಖೆಯ ಒಂದು ವೀಕ್ಷಣಾಲಯವಿದೆ. ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆಯ ಪ್ರಮಾಣವನ್ನು ಅಲ್ಲಿ ಪ್ರತಿದಿನ ಬೆಳಿಗ್ಗೆ 8-30ಕ್ಕೆ ಅಳೆದು ಬರೆದಿಡಲಾಗುತ್ತದೆ. ಬೇಸಗೆಯ ಬಹುಪಾಲು ದಿನಗಳಲ್ಲಿ ಆ ಅಂಕಿ ಸೊನ್ನೆಯೇ ಆಗಿರುತ್ತದೆ. ಆದರೂ ಬರೆಯುವ ಕೆಲಸ ತಪ್ಪುವುದಿಲ್ಲ. 2005ರ ಜುಲೈ 27ರ ಬೆಳಿಗ್ಗೆ ಅಲ್ಲಿ ದಾಖಲಾದ ಅಂಕಿ 944 ಮಿಲಿಮೀಟರ್. ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಸರಾಸರಿ ಮಳೆಗೆ ಇದು ಹೆಚ್ಚುಕಡಿಮೆ ಸಮ. ಅದೇ ಅವಧಿಯಲ್ಲಿ ಅದೇ ನಗರದ ದಕ್ಷಿಣ ತುದಿಯಲ್ಲಿರುವ ಕೊಲಾಬಾ ವೀಕ್ಷಣಾಲಯದಲ್ಲಿ ದಾಖಲಾದದ್ದು ಸುಮಾರು 73 ಮಿಲಿಮೀಟರ್ ಮಾತ್ರ. ಆ ಪ್ರವಾಹದಲ್ಲಿ ಮುಂಬಯಿಯಲ್ಲಿ 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಈ ಎರಡು ಅಂಕಿಗಳಿಂದ ಎರಡು ಪಾಠಗಳು ದೊರೆಯುತ್ತವೆ. ಘಟನೆ ಎಲ್ಲಿ ನಡೆಯುತ್ತದೆಯೋ ಅಲ್ಲಿಯೇ ಅದರ ದಾಖಲೆಯಾಗಬೇಕು ಎಂಬುದು ಮೊದಲನೆಯದು. ಅಂಕಿಯನ್ನು ಬರೆದಿಟ್ಟರಷ್ಟೇ ಸಾಲದು, ಅದು ಎಷ್ಟು ಗಂಭೀರ, ಅದನ್ನು ಯಾರಿಗೆ, ಎಷ್ಟು ಬೇಗ ತಿಳಿಸಬೇಕು ಎಂಬುದೂ ಮೊದಲೇ ನಿಶ್ಚಯವಾಗಿರಬೇಕು ಎಂಬುದು ಎರಡನೆಯದು. ಹವಾಮಾನ ಇಲಾಖೆಯು ಒಂದು ದಿನದ ಮಳೆ 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ, 204.5 ಮಿ.ಮೀ. ಮುಟ್ಟಿದರೆ ಅತ್ಯಂತ ಭಾರಿ ಎಂದು ದರ್ಜೆ ಮಾಡುತ್ತದೆ. ಮುನ್ನೆಚ್ಚರಿಕೆಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳನ್ನು ಬಳಸುತ್ತದೆ. ಕ್ರಮ ಬೇಕಿಲ್ಲ, ಗಮನವಿರಲಿ, ಸಿದ್ಧರಾಗಿರಿ, ಕ್ರಮ ಕೈಗೊಳ್ಳಿ ಎಂಬುದು ಅವುಗಳ ಕ್ರಮವಾದ ಅರ್ಥ. ಪ್ರವಾಹದ ಅನಂತರ ನಗರದ ಹಲವೆಡೆ ಸ್ವಯಂಚಾಲಿತ ಮಳೆಮಾಪಕಗಳನ್ನೂ ಸ್ಥಾಪಿಸಲಾಯಿತು.

ಇದೇ ವ್ಯವಸ್ಥೆ, ಕಣ್ಣಿಗೆ ಕಾಣದಂತೆ, ನಾವು ದಿನವೂ ಬಳಸುವ ತಂತ್ರಾಂಶಗಳ ಒಳಗೂ ಇದೆ. ಬ್ಯಾಂಕು, ರೈಲ್ವೆ ಕಾಯ್ದಿರಿಸುವಿಕೆ, ವಿದ್ಯುತ್ ಬಿಲ್ಲು, ಆಸ್ಪತ್ರೆ ಮೊದಲಾದ ಸೇವೆಗಳ ಹಿಂದಿರುವ ಗಣಕಯಂತ್ರಗಳು ತಾವು ಮಾಡಿದ ಕೆಲಸವನ್ನು ಕ್ಷಣಕ್ಷಣಕ್ಕೂ ಬರೆದಿಡುತ್ತವೆ. ಸಾಂತಾಕ್ರೂಜ್ ಎಂಬ ಹೆಸರಿಗೂ ನಮ್ಮ ದೇಶದ ತಂತ್ರಾಂಶ ಉದ್ಯಮಕ್ಕೂ ಹಳೆಯ ನಂಟು ಉಂಟು. ಕೇಂದ್ರ ಸರ್ಕಾರವು 1973ರಲ್ಲಿ ಪಕ್ಕದ ಅಂಧೇರಿಯಲ್ಲಿ ಸ್ಥಾಪಿಸಿದ ಸಾಂತಾಕ್ರೂಜ್ ಇಲೆಕ್ಟ್ರಾನಿಕ್ಸ್ ರಫ್ತು ಸಂಸ್ಕರಣಾ ವಲಯ, ಅಂದರೆ ಜನರ ಬಾಯಲ್ಲಿ 'ಸೀಪ್ಜ್', ಭಾರತದಿಂದ ತಂತ್ರಾಂಶದ ರಫ್ತು ಮೊದಲಾದ ನೆಲೆಗಳಲ್ಲಿ ಒಂದು. ತಂತ್ರಾಂಶದ ದಿನಚರಿ ಎಂದರೇನು, ಅದರಲ್ಲಿ ದರ್ಜೆಗಳು ಏಕೆ ಬೇಕು, ಸಾಮಾನ್ಯ ನಾಗರಿಕನಿಗೆ ಅದರಿಂದೇನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಲಾಗ್ ಎಂದರೇನು?

ತಂತ್ರಾಂಶದ ದಿನಚರಿಗೆ 'ಲಾಗ್' ಎಂಬ ಹೆಸರು ಹಡಗಿನಿಂದ ಬಂದುದು. ಹಿಂದೆ ನಾವಿಕರು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆದು, ಹಗ್ಗ ಬಿಚ್ಚಿಕೊಳ್ಳುವ ಪ್ರಮಾಣದಿಂದ ಹಡಗಿನ ವೇಗವನ್ನು ಅಳೆಯುತ್ತಿದ್ದರು. ಆ ಅಳತೆಯನ್ನು ಬರೆದಿಡುವ ಪುಸ್ತಕಕ್ಕೆ ಮರದ ತುಂಡಿನ ಹೆಸರೇ ನಿಂತಿತು. ನಮ್ಮ ಅಂಗಡಿಗಳ ಕಿರ್ದಿ ಪುಸ್ತಕವನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಕಿರ್ದಿಯಲ್ಲಿ ಆಯಾ ದಿನದ ಕೊಡು-ಕೊಳೆಗಳನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಾರೆ. ನಡುವೆ ಹಾಳೆ ಹರಿಯುವಂತಿಲ್ಲ, ಹಿಂದಿನ ಸಾಲನ್ನು ತಿದ್ದುವಂತಿಲ್ಲ. ತಂತ್ರಾಂಶದ ದಿನಚರಿಯ ನಿಯಮವೂ ಇದೇ. ಅದರ ಪ್ರತಿ ಸಾಲಿನಲ್ಲಿಯೂ ಸಾಮಾನ್ಯವಾಗಿ ಸಮಯ, ತಂತ್ರಾಂಶದ ಯಾವ ಭಾಗ ಬರೆಯಿತು ಎಂಬ ಗುರುತು, ತೀವ್ರತೆಯ ದರ್ಜೆ ಮತ್ತು ನಡೆದ ಸಂಗತಿ, ಈ ನಾಲ್ಕು ಅಂಶಗಳಿರುತ್ತವೆ.

ಕಿರ್ದಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಂಗಡಿಯ ಕಿರ್ದಿಯಲ್ಲಿ ದಿನಕ್ಕೆ ನೂರಿನ್ನೂರು ಸಾಲುಗಳಿದ್ದಾವು. ದೊಡ್ಡ ಸೇವೆಯೊಂದರ ಗಣಕಯಂತ್ರಗಳು ದಿನಕ್ಕೆ ಕೋಟಿಗಟ್ಟಲೆ ಸಾಲುಗಳನ್ನು ಬರೆಯಬಲ್ಲವು. ಅಷ್ಟನ್ನೂ ಓದುವುದು ಯಾವ ಮನುಷ್ಯನಿಂದಲೂ ಆಗದ ಕೆಲಸ. ಆದುದರಿಂದ ಯಾವ ಸಾಲನ್ನು ಈಗಲೇ ಓದಬೇಕು, ಯಾವುದನ್ನು ನಾಳೆ ಓದಬಹುದು, ಯಾವುದನ್ನು ಅಗತ್ಯ ಬಿದ್ದಾಗ ಮಾತ್ರ ಹುಡುಕಬೇಕು ಎಂಬುದನ್ನು ಆ ಸಾಲೇ ಹೇಳುವಂತಿರಬೇಕು. ದರ್ಜೆಯ ಪ್ರಯೋಜನ ಇದೇ.

ಎಂಟು ದರ್ಜೆಗಳು

ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದಲ್ಲಿ ಎರಿಕ್ ಆಲ್ಮನ್ ಎಂಬವರು 'ಸೆಂಡ್‌ಮೇಲ್' ಎಂಬ ಅಂಚೆ ತಂತ್ರಾಂಶದ ಜೊತೆಗೆ 'ಸಿಸ್‌ಲಾಗ್' ಎಂಬ ದಾಖಲಾತಿ ಕ್ರಮವನ್ನು ರೂಪಿಸಿದರು. ಕಾಲಕ್ರಮದಲ್ಲಿ ಅದು ಎಲ್ಲೆಡೆ ಹರಡಿ, 2009ರಲ್ಲಿ ಅಂತರಜಾಲದ ಮಾನಕವಾಗಿ ಪ್ರಕಟವಾಯಿತು. ಅದರಲ್ಲಿ ಎಂಟು ದರ್ಜೆಗಳಿವೆ. ಅಂಕಿ ಕಡಿಮೆಯಾದಷ್ಟೂ ತೀವ್ರತೆ ಹೆಚ್ಚು ಎಂಬುದನ್ನು ಓದುಗರು ಗಮನಿಸಬೇಕು.

0. ತುರ್ತುಸ್ಥಿತಿ: ಇಡೀ ವ್ಯವಸ್ಥೆಯೇ ಬಳಕೆಗೆ ಬಾರದಾಗಿದೆ.
1. ತಕ್ಷಣದ ಕರೆ: ಈ ಕ್ಷಣವೇ ಯಾರಾದರೂ ಕ್ರಮ ಕೈಗೊಳ್ಳಬೇಕು.
2. ವಿಷಮಸ್ಥಿತಿ: ವ್ಯವಸ್ಥೆಯ ಮುಖ್ಯ ಭಾಗವೊಂದು ಕುಸಿದಿದೆ.
3. ದೋಷ: ಒಂದು ಕೆಲಸ ವಿಫಲವಾಗಿದೆ, ಉಳಿದವು ನಡೆಯುತ್ತಿವೆ.
4. ಎಚ್ಚರಿಕೆ: ಕೆಲಸ ನಡೆದಿದೆ, ಆದರೆ ಮುಂದೆ ತೊಂದರೆಯ ಲಕ್ಷಣವಿದೆ.
5. ಗಮನಾರ್ಹ: ದೋಷವಲ್ಲ, ಆದರೆ ನಿತ್ಯದ ಸಂಗತಿಯೂ ಅಲ್ಲ.
6. ಮಾಹಿತಿ: ನಿತ್ಯದ ಕೆಲಸ ಸರಿಯಾಗಿ ನಡೆದುದರ ದಾಖಲೆ.
7. ಶೋಧನ ವಿವರ: ತಂತ್ರಾಂಶ ಬರೆದವರು ದೋಷ ಹುಡುಕಲು ಬಳಸುವ ಸೂಕ್ಷ್ಮ ವಿವರ.

ಎಲ್ಲ ತಂತ್ರಾಂಶಗಳೂ ಎಂಟನ್ನೂ ಬಳಸುವುದಿಲ್ಲ. ಐದು ಅಥವಾ ಆರು ದರ್ಜೆಗಳಲ್ಲಿಯೇ ಕೆಲಸ ಸಾಗಿಸುವವೇ ಹೆಚ್ಚು. ಗಣಕ ತಜ್ಞರ ಮಾತಿನಲ್ಲಿ ಪದೇ ಪದೇ ಕೇಳಿಬರುವ ಡಿಬಗ್, ಇನ್ಫೋ, ವಾರ್ನಿಂಗ್, ಎರರ್ ಎಂಬ ಪದಗಳು ಕ್ರಮವಾಗಿ ಮೇಲಿನ 7, 6, 4, 3ನೆಯ ದರ್ಜೆಗಳ ಹೆಸರುಗಳೇ.

ಒಂದು ಉದಾಹರಣೆ

ಒಂದು ಊರಿನಲ್ಲಿ ವಿದ್ಯುತ್ ಬಿಲ್ಲಿನ ಹಣ ಕಟ್ಟಿಸಿಕೊಳ್ಳುವ ತಂತ್ರಾಂಶವಿದೆ ಎಂದು ಭಾವಿಸೋಣ. ಅದರ ದಿನಚರಿಯ ಕೆಲವು ಸಾಲುಗಳು ಹೀಗಿರಬಹುದು:

10-04-12, ಶೋಧನ ವಿವರ: ಬಿಲ್ಲಿನ ಲೆಕ್ಕ ಆರಂಭ. ಹಳೆಯ ಬಾಕಿ 0, ಈ ತಿಂಗಳು 842.
10-04-13, ಮಾಹಿತಿ: 842 ರೂ. ಪಾವತಿಗಾಗಿ ಬ್ಯಾಂಕಿಗೆ ಕೋರಿಕೆ ಹೋಯಿತು. ಕೋರಿಕೆ ಸಂಖ್ಯೆ 5517.
10-04-43, ಎಚ್ಚರಿಕೆ: 30 ಸೆಕೆಂಡುಗಳಾದರೂ ಉತ್ತರವಿಲ್ಲ. ಅದೇ ಸಂಖ್ಯೆಯಲ್ಲಿ ಎರಡನೆಯ ಪ್ರಯತ್ನ.
10-05-13, ದೋಷ: ಉತ್ತರ ಬರಲಿಲ್ಲ. ಕೋರಿಕೆ 5517 ಅಪೂರ್ಣ.
10-20-00, ವಿಷಮಸ್ಥಿತಿ: ಕಳೆದ 15 ನಿಮಿಷಗಳಲ್ಲಿ 212 ಕೋರಿಕೆಗಳು ಅಪೂರ್ಣ.

ಒಬ್ಬ ಗ್ರಾಹಕನ ಪಾವತಿ ತಡವಾದುದು ಎಚ್ಚರಿಕೆ. ಅದು ನಿಂತೇ ಹೋದುದು ದೋಷ. ಎಲ್ಲರ ಪಾವತಿಯೂ ನಿಲ್ಲತೊಡಗಿದಾಗ ಅದು ವಿಷಮಸ್ಥಿತಿ, ಆಗ ಹೊಣೆಗಾರ ಅಧಿಕಾರಿಯನ್ನು ದೂರವಾಣಿಯ ಮೂಲಕ ಕರೆಸಬೇಕು. ಗ್ರಾಹಕನ ಖಾತೆಯಿಂದ ಹಣ ಕಡಿತವಾಗಿದ್ದರೆ, ಎರಡನೆಯ ಪ್ರಯತ್ನವೂ 5517 ಎಂಬ ಅದೇ ಸಂಖ್ಯೆಯಲ್ಲಿ ನಡೆಯಿತು ಎಂಬ ಆ ಒಂದು ಸಾಲು, ಹಣ ಎರಡು ಬಾರಿ ಹೋಯಿತೇ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ನೆರವಾಗುತ್ತದೆ. 'ಏನೋ ತಪ್ಪಾಗಿದೆ' ಎಂದಷ್ಟೇ ಬರೆಯುವ ತಂತ್ರಾಂಶದಿಂದ ಇಂತಹ ನೆರವು ಸಿಗದು.

ಸಾಮಾನ್ಯ ದಿನಗಳಲ್ಲಿ 'ಮಾಹಿತಿ' ಮತ್ತು ಅದಕ್ಕಿಂತ ತೀವ್ರವಾದ ಸಂದೇಶಗಳನ್ನು ಮಾತ್ರ ಬರೆಯುವಂತೆ ತಂತ್ರಾಂಶಕ್ಕೆ ಮಿತಿ ಹಾಕಿರುತ್ತಾರೆ. ಸೂಕ್ಷ್ಮ ವಿವರಗಳನ್ನೆಲ್ಲ ಸದಾ ಬರೆಯಿಸಿದರೆ ಸಂಗ್ರಹದ ಜಾಗ ತುಂಬುತ್ತದೆ, ಯಂತ್ರ ನಿಧಾನವಾಗುತ್ತದೆ. ದೋಷವನ್ನು ಹುಡುಕಬೇಕಾದಾಗ ಮಿತಿಯನ್ನು ಸ್ವಲ್ಪ ಕಾಲ ಸಡಿಲಿಸಿ, ಕೆಲಸ ಮುಗಿದ ಮೇಲೆ ಮತ್ತೆ ಬಿಗಿಗೊಳಿಸುವುದು ಕ್ರಮ.

ದರ್ಜೆ ತಪ್ಪಿದಾಗ

ದರ್ಜೆ ಕೊಡುವಲ್ಲಿ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ. ಗಂಭೀರವಾದುದನ್ನು ಸಾಮಾನ್ಯವೆಂದು ಬರೆಯುವುದು ಒಂದು. ಇದರಿಂದ ಆಗುವ ಹಾನಿ ಸ್ಪಷ್ಟ. ಸಾಮಾನ್ಯವಾದುದನ್ನೆಲ್ಲ ಗಂಭೀರವೆಂದು ಬರೆಯುವುದು ಇನ್ನೊಂದು. ಇದು ಜಾಗರೂಕತೆಯ ವೇಷದಲ್ಲಿ ಬರುವುದರಿಂದ ಹೆಚ್ಚು ಅಪಾಯಕಾರಿ. 'ತೋಳ ಬಂತು ತೋಳ' ಎಂದು ದಿನವೂ ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ರಾತ್ರಿ ನಲವತ್ತು ಸಲ ಸುಮ್ಮನೆ ಎಬ್ಬಿಸಿದ ಗಂಟೆಯನ್ನು ನಲವತ್ತೊಂದನೆಯ ಸಲ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅಮೆರಿಕದ 'ಟಾರ್ಗೆಟ್' ಎಂಬ ಮಳಿಗೆ ಸಂಸ್ಥೆಯ ಗಣಕಜಾಲಕ್ಕೆ 2013ರಲ್ಲಿ ಕಳ್ಳರು ನುಗ್ಗಿದಾಗ, ಸುರಕ್ಷಾ ತಂತ್ರಾಂಶವು ಎಚ್ಚರಿಕೆಗಳನ್ನು ಕೊಟ್ಟಿತ್ತು. ಆದರೆ ಅವುಗಳ ಮೇಲೆ ಸಕಾಲದಲ್ಲಿ ಕ್ರಮ ನಡೆಯಲಿಲ್ಲ. ಸುಮಾರು 4 ಕೋಟಿ ಗ್ರಾಹಕರ ಕಾರ್ಡುಗಳ ವಿವರ ಕಳುವಾಯಿತು. ದಾಖಲೆಯಲ್ಲಿ ಸಂಗತಿ ಇತ್ತು. ಅದು ಕೈಗಳನ್ನು ಕೆಲಸಕ್ಕೆ ಹಚ್ಚಲಿಲ್ಲ. ಆದುದರಿಂದ ದರ್ಜೆಯನ್ನು ನಿರ್ಧರಿಸುವಾಗ 'ಇದು ಎಷ್ಟು ಆಶ್ಚರ್ಯಕರ?' ಎಂದು ಕೇಳದೆ, 'ಇದನ್ನು ಓದಿದವರು ಏನು ಮಾಡಬೇಕು?' ಎಂದು ಕೇಳಿಕೊಳ್ಳಬೇಕು. ಮಾಡಬೇಕಾದುದು ಏನೂ ಇಲ್ಲದಿದ್ದರೆ ಅದು ಗಂಭೀರ ಸಂದೇಶವಲ್ಲ. ಹವಾಮಾನ ಇಲಾಖೆಯ ನಾಲ್ಕು ಬಣ್ಣಗಳ ಅರ್ಥವೂ ಇಂತಹ ಕ್ರಿಯೆಗಳೇ ಎಂಬುದನ್ನು ಇಲ್ಲಿ ನೆನೆಯಬಹುದು.

ಬರೆಯಬಾರದ ಸಂಗತಿಗಳು

ದಿನಚರಿಯಲ್ಲಿ ಎಲ್ಲವನ್ನೂ ಬರೆಯಬಾರದು. ಗುಪ್ತಪದ, ಕಾರ್ಡಿನ ಪೂರ್ಣ ಸಂಖ್ಯೆ, ಒಮ್ಮೆ ಮಾತ್ರ ಬಳಸುವ ಗುಪ್ತಸಂಖ್ಯೆ, ರೋಗಿಯ ವಿವರ ಇವು ಅದರಲ್ಲಿ ಇರಕೂಡದು. 2018ರ ಮೇ ತಿಂಗಳಲ್ಲಿ 'ಟ್ವಿಟರ್' ಸಂಸ್ಥೆಯು, ತನ್ನ ಒಳ ದಿನಚರಿಯಲ್ಲಿ ಬಳಕೆದಾರರ ಗುಪ್ತಪದಗಳು ಮರೆಮಾಚದೆ ದಾಖಲಾಗಿದ್ದುದನ್ನು ತಾನೇ ಪ್ರಕಟಿಸಿ, ಗುಪ್ತಪದ ಬದಲಾಯಿಸಲು ಸಲಹೆ ನೀಡಿತು. ದಾಖಲಿಸುವ ಸಾಧನವೇ ಬಾಗಿಲಾಗುವುದೂ ಉಂಟು. 2021ರ ಡಿಸೆಂಬರಿನಲ್ಲಿ, ಜಗತ್ತಿನಾದ್ಯಂತ ಬಳಕೆಯಲ್ಲಿದ್ದ 'ಲಾಗ್‌ಫೋರ್‌ಜೆ' ಎಂಬ ದಾಖಲಾತಿ ತಂತ್ರಾಂಶದಲ್ಲಿ ಭಾರಿ ದೋಷ ಬಯಲಾಯಿತು. ವಿಶೇಷವಾಗಿ ಹೆಣೆದ ಒಂದು ಸಾಲನ್ನು ಅದು ಬರೆದುಕೊಳ್ಳುವಂತೆ ಮಾಡಿದರೆ ಸಾಕು, ಹೊರಗಿನವರು ಆ ಯಂತ್ರವನ್ನು ತಮ್ಮ ವಶಕ್ಕೆ ತೆಗೆದುಕೊಳ್ಳಬಹುದಾಗಿತ್ತು.

ಕಾನೂನು ಮತ್ತು ನಾಗರಿಕ

ನಮ್ಮ ದೇಶದಲ್ಲಿ ಗಣಕಜಾಲದ ಸುರಕ್ಷತೆಗೆ ಸಂಬಂಧಿಸಿದ ರಾಷ್ಟ್ರೀಯ ಸಂಸ್ಥೆ 'ಸರ್ಟ್-ಇನ್'. 2022ರ ಏಪ್ರಿಲ್ 28ರಂದು ಅದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೇವಾದಾತರು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ದಿನಚರಿಯನ್ನು 180 ದಿನಗಳ ಕಾಲ ಸುರಕ್ಷಿತವಾಗಿ ಕಾಪಾಡಬೇಕು. ನಿಗದಿತ ಬಗೆಯ ಸುರಕ್ಷಾ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಸಮಯಮೂಲಗಳಿಗೆ ಹೊಂದಿಸಿರಬೇಕು. ಈ ಕೊನೆಯ ನಿಯಮ ಚಿಕ್ಕದೆಂದು ತೋರಬಹುದು. ಆದರೆ ಬ್ಯಾಂಕಿನ ಗಡಿಯಾರ ಒಂದು, ಅಂಗಡಿಯ ಗಡಿಯಾರ ಇನ್ನೊಂದು ಹೇಳಿದರೆ, ಯಾವ ಸಾಲು ಮೊದಲು, ಯಾವುದು ಅನಂತರ ಎಂಬುದೇ ತಿಳಿಯದೆ ದಾಖಲೆಯ ಬೆಲೆ ಹೋಗುತ್ತದೆ.

ನಾಗರಿಕನಿಗೆ ಇದರ ಪ್ರಯೋಜನ ನೇರವಾದುದು. ಎ.ಟಿ.ಎಂ. ಯಂತ್ರದಿಂದ ಹಣ ಬಾರದೆ ಖಾತೆಯಿಂದ ಮಾತ್ರ ಕಡಿತವಾದರೆ, ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವಹಿವಾಟಿನ ದಿನದ ಅನಂತರ 5 ದಿನಗಳೊಳಗೆ ಹಣ ಮರಳಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ ನೀಡಬೇಕು. ಯಂತ್ರ ನಿಜಕ್ಕೂ ಹಣ ಕೊಟ್ಟಿತೇ ಎಂಬುದಕ್ಕೆ ಯಂತ್ರದ ದಿನಚರಿಯೇ ಮುಖ್ಯ ಸಾಕ್ಷಿಗಳಲ್ಲಿ ಒಂದು. ಆದುದರಿಂದ ಪಾವತಿ ವಿಫಲವಾದಾಗ ದಿನಾಂಕ, ಸಮಯ, ಮೊತ್ತ ಮತ್ತು ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೋಟಿ ಸಾಲುಗಳ ನಡುವೆ ನಿಮ್ಮ ಒಂದು ಸಾಲನ್ನು ಹುಡುಕಿ ತೆಗೆಯುವ ಕೀಲಿಕೈ ಅದೇ. ವಂಚನೆಯ ಮೂಲಕ ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ನೀಡಿ.

ಸಾಂತಾಕ್ರೂಜ್‌ನ ದಾಖಲೆಯಲ್ಲಿ 944 ಎಂಬ ಅಂಕಿಗೆ ಅರ್ಥ ಬಂದದ್ದು, ಅದರ ಹಿಂದೆ ವರ್ಷಗಟ್ಟಲೆ ತಪ್ಪದೆ ಬರೆದ ಸಾಧಾರಣ ದಿನಗಳ ಅಂಕಿಗಳು ಇದ್ದುದರಿಂದ. ತಂತ್ರಾಂಶದ ವಿಷಯವೂ ಹಾಗೆಯೇ. ಸಾಧಾರಣವಾದುದನ್ನು ಸಾಧಾರಣವೆಂದೇ ಪ್ರಾಮಾಣಿಕವಾಗಿ ಬರೆಯುವ ವ್ಯವಸ್ಥೆ ಮಾತ್ರ, ಅಪಾಯ ಬಂದ ದಿನ ಅದನ್ನು ಅಪಾಯವೆಂದು ನಂಬಿಸಬಲ್ಲದು.